ಮೊದಲು ಆ ದೊಡ್ಡ ಲೈಟ್ ಆರಿಸಿ: ಡೆನ್ಮಾರ್ಕಿನ ಚಳಿಗಾಲದ ‘ಹ್ಯೂಗ’ ಮನೆಯಲ್ಲಿ ಮಾಡುವುದು ಹೇಗೆ?

ಅಮ್ಮ ಮೊದಲ ಸಲ ಕೋಪನ್‌ಹೇಗನ್‌ಗೆ ಬಂದಿದ್ದು ಡಿಸೆಂಬರ್‌ನಲ್ಲಿ. ಪಕ್ಕದ ಮನೆಯವರು ಕಾಫಿಗೆ ಕರೆದಿದ್ದರು. ಹೋದಾಗ ಮಧ್ಯಾಹ್ನ ನಾಲ್ಕು ಗಂಟೆ. ಹೊರಗೆ ಆಗಲೇ ಕತ್ತಲು ಕವಿಯುತ್ತಿತ್ತು. ಒಳಗೂ ಹೆಚ್ಚುಕಡಿಮೆ ಹಾಗೇ! ಕಿಟಕಿಯ ಹತ್ತಿರ ಎರಡು ಮೇಣದಬತ್ತಿ, ಸೋಫಾ ಪಕ್ಕ ಮೊಣಕಾಲೆತ್ತರಕ್ಕೆ ಒಂದು ಪುಟ್ಟ ದೀಪ. ಅಮ್ಮ ನನ್ನ ಕಿವಿಯ ಹತ್ತಿರ ಬಂದು, “ಇವರ ಮನೇಲಿ ಕರೆಂಟ್ ಹೋಗಿದ್ಯಾ?” ಅಂದರು.

ಮುಸ್ಸಂಜೆ ಆಯಿತೆಂದರೆ ಮನೆಯ ಲೈಟೆಲ್ಲ ಹಾಕಬೇಕು, ಕತ್ತಲಲ್ಲಿ ಕೂತರೆ ಲಕ್ಷ್ಮಿ ಬರುವುದಿಲ್ಲ ಅಂತ ಕೇಳಿಕೊಂಡು ಬೆಳೆದವರು ನಾವು. ಡೇನರು, ಅಂದರೆ ಡೆನ್ಮಾರ್ಕಿನವರು, ಇದಕ್ಕೆ ಪೂರ್ತಿ ಉಲ್ಟಾ. ಹೊತ್ತು ಮುಳುಗಿದ ಮೇಲೆ ಅವರು ಮಾಡುವ ಮೊದಲ ಕೆಲಸವೇ ದೊಡ್ಡ ಲೈಟ್ ಆರಿಸುವುದು. ಹ್ಯೂಗ ಶುರುವಾಗುವುದು ಅಲ್ಲಿಂದ.

ಹ್ಯೂಗ ಅಂದರೆ ಬೆಚ್ಚಗೆ, ಅವಸರ ಇಲ್ಲದೆ, ಬೇಕಾದವರ ಜೊತೆ ಹಾಯಾಗಿ ಕೂತಿರುವುದು. ನಾರ್ವೇಜಿಯನ್ನಿಂದ ಡೇನಿಶ್‌ಗೆ ಬಂದ ಮಾತಿದು. ಅಲ್ಲಿ ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹೊರಟವರಿಗೆ “ಹ್ಯೂಗ್ ಡೈ” ಅಂತಾರೆ, ಹಾಯಾಗಿರು ಅಂತ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ವರ್ಷದ ಪದದ ಅಂತಿಮ ಪಟ್ಟಿಯವರೆಗೂ ಈ ಪದ ಹೋಗಿತ್ತು. ಅಲ್ಲಿಂದ ಮುಂದೆ ಲೋಕದ ಎಲ್ಲ ಅಂಗಡಿಗಳೂ ಹ್ಯೂಗ ಕಂಬಳಿ, ಹ್ಯೂಗ ಮಗ್ಗು, ಹ್ಯೂಗ ಕಾಲುಚೀಲ ಮಾರತೊಡಗಿದವು. ದಯವಿಟ್ಟು ಏನನ್ನೂ ಕೊಳ್ಳಬೇಡಿ. ಈಗಲೇ ಅಂತೂ ಬೇಡ.

ಹೆಜ್ಜೆ 1: ಬೆಳಕನ್ನು ಕೆಳಗಿಳಿಸಿ

ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್ 21ರ ಆಸುಪಾಸು ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ 3.40ರ ಹೊತ್ತಿಗೆ. ಏಳು ಗಂಟೆಯ ಹಗಲು, ಅದರಲ್ಲೂ ಬಹಳ ದಿನ ಮೋಡವೇ. ಇಷ್ಟು ಕತ್ತಲಿರುವ ಊರಿನವರು ಇನ್ನೂ ಜಾಸ್ತಿ ಲೈಟ್ ಹಾಕಬೇಕಲ್ವಾ? ಅವರ ಲೆಕ್ಕ ಬೇರೆ. ಕತ್ತಲನ್ನು ಓಡಿಸುವುದಕ್ಕೆ ಹೋಗುವುದಿಲ್ಲ. ಅದರ ನಡುವೆ ಅಲ್ಲಲ್ಲಿ ಬೆಳಕಿನ ಸಣ್ಣ ಸಣ್ಣ ಗೂಡು ಮಾಡಿಕೊಳ್ಳುತ್ತಾರೆ. ಆ ಗೂಡಿನೊಳಗೆ ಜನ ತಾವಾಗಿಯೇ ಹತ್ತಿರ ಬಂದು ಕೂರುತ್ತಾರೆ.

ಈ ವಿಚಾರದಲ್ಲಿ ಡೇನರಿಗೆ ಗುರು ಅಂತ ಒಬ್ಬರಿದ್ದರೆ ಅದು ಪೌಲ್ ಹೆನ್ನಿಂಗ್ಸನ್ (1894–1967). ಬಲ್ಬ್ ಕಣ್ಣಿಗೆ ನೇರವಾಗಿ ಹೊಡೆಯಬಾರದು ಅಂತ 1920ರ ದಶಕದಲ್ಲೇ ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗಿರುವ ದೀಪ ಮಾಡಿದರು. 1958ರಲ್ಲಿ ಬಂದ ಅವರ ಪಿಎಚ್ 5 ದೀಪ ಡೆನ್ಮಾರ್ಕಿನಲ್ಲಿ ಇವತ್ತಿಗೂ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ತೂಗುತ್ತಿದೆ. ಅದರ ಬೆಲೆ ಕೇಳಿದರೆ ನಿಮ್ಮ ಹ್ಯೂಗ ಅಲ್ಲೇ ಹೋಗುತ್ತದೆ. ನಮಗೆ ಬೇಕಿರುವುದು ಅದರ ಹಿಂದಿನ ಯೋಚನೆ ಮಾತ್ರ.

ಹೀಗೆ ಮಾಡಿ. ಸೂರಿನ ಲೈಟ್ ಆರಿಸಿ. ಒಂದು ದೊಡ್ಡ ಬೆಳಕಿನ ಬದಲು ಕೋಣೆಯಲ್ಲಿ ಮೂರು ನಾಲ್ಕು ಕಡೆ ಸಣ್ಣ ದೀಪ ಇಡಿ. ಎಲ್ಲವೂ ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಬಲ್ಬ್ ಡಬ್ಬಿಯ ಮೇಲೆ 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಅಂತ ಇದ್ದರೆ ಅದು ಹಳದಿ ಬೆಳಕು. 6500 ಅಂತ ಇದ್ದರೆ ಅದು ಆಫೀಸಿನ ಬಿಳಿ ಬೆಳಕು, ವಾಪಸ್ ಇಡಿ. ಊಟದ ಮೇಜಿನ ಮೇಲೆ ತೂಗುದೀಪ ಇದ್ದರೆ ಮೇಜಿನಿಂದ ಸುಮಾರು 60 ಸೆಂ.ಮೀ. ಎತ್ತರಕ್ಕೆ ಇಳಿಸಿ. ತಲೆಗೆ ತಾಗುತ್ತದೆ ಅನ್ನುವ ಭಯ ಬೇಡ, ಕೆಳಗೆ ಮೇಜು ಇದೆಯಲ್ಲ.

ಹೆಜ್ಜೆ 2: ಬತ್ತಿ ಹಚ್ಚಿ, ಲೆಕ್ಕ ಇಟ್ಟು

ಮೇಣದಬತ್ತಿಗೆ ಡೇನರು ಹೇಳುವುದು ‘ಲೆವೆನ ಲ್ಯೂಸ್’, ಅಂದರೆ ಜೀವ ಇರುವ ಬೆಳಕು. ಹಬ್ಬದ ತಿಂಗಳಲ್ಲಿ ಅದಕ್ಕೊಂದು ಶಿಸ್ತೂ ಇದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅಡ್ವೆಂಟ್ ಅಂತಾರೆ. ಫರ್ ಮರದ ಹಸಿರು ರೆಂಬೆಗಳನ್ನು ಸುತ್ತಿ ಸಿಂಬಿಯ ಹಾಗೆ ಮಾಡಿ, ಅದರ ಮೇಲೆ ನಾಲ್ಕು ಬತ್ತಿ ನಿಲ್ಲಿಸುತ್ತಾರೆ. ಮೊದಲ ಭಾನುವಾರ ಒಂದು, ಎರಡನೆಯ ಭಾನುವಾರ ಎರಡು, ಹೀಗೆ.

ನನಗೆ ಇದಕ್ಕಿಂತ ಇಷ್ಟ ‘ಕಲೆಂಡರ್‌ಲ್ಯೂಸ್’. ಇದು 1ರಿಂದ 24ರವರೆಗೆ ಅಂಕಿ ಬರೆದ ಒಂದೇ ಉದ್ದನೆ ಬತ್ತಿ. ಡಿಸೆಂಬರ್ 1ರಿಂದ ದಿನಕ್ಕೊಂದು ಅಂಕಿ ಉರಿಸಬೇಕು. ಬೆಳಗಿನ ತಿಂಡಿಗೋ ರಾತ್ರಿ ಊಟಕ್ಕೋ ಹಚ್ಚುವುದು, ಆ ದಿನದ ಅಂಕಿ ಕರಗುವವರೆಗೆ ಯಾರೂ ಮೇಜು ಬಿಟ್ಟು ಏಳದಿರುವುದು. ಫೋನ್ ಬದಿಗಿಡಿ ಅಂತ ಮಕ್ಕಳಿಗೆ ನೂರು ಸಲ ಹೇಳುವುದಕ್ಕಿಂತ ಇದು ಸುಲಭ. ಸಾದಾ ಬತ್ತಿಯ ಮೇಲೆ ಸ್ಕೆಚ್ ಪೆನ್ನಿನಿಂದ ನೀವೇ ಗೆರೆ ಹಾಕಿಕೊಳ್ಳಬಹುದು. ಆರಿಸುವುದನ್ನು ಮಾತ್ರ ಮರೆಯಬೇಡಿ. ನಾವು ಒಂದು ವರ್ಷ ಹರಟೆಯಲ್ಲಿ ಮರೆತು ಕೂತು, 9ನೇ ತಾರೀಕೇ 13 ಉರಿಸಿಬಿಟ್ಟೆವು. ಮಗಳು ನಾಲ್ಕು ದಿನ ಮುನಿಸಿಕೊಂಡಿದ್ದಳು.

ಒಂದಿಷ್ಟು ಎಚ್ಚರ. ಹಚ್ಚುವ ಮೊದಲು ಬತ್ತಿಯ ದಾರವನ್ನು ಅರ್ಧ ಸೆಂ.ಮೀ.ಗೆ ಕತ್ತರಿಸಿ, ಹೊಗೆ ಕಡಿಮೆಯಾಗುತ್ತದೆ. ಪರದೆಯಿಂದ ದೂರ ಇಡಿ. ಹಸಿರು ರೆಂಬೆ ಬಿಸಿ ಕೋಣೆಯಲ್ಲಿ ಬೇಗ ಒಣಗುತ್ತದೆ, ಒಣಗಿದ್ದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕೋಣೆಯಲ್ಲಿ ಯಾರೂ ಇಲ್ಲದಾಗ ಬತ್ತಿ ಉರಿಯಬಾರದು. ಮೇಣದ ಉರಿ ಗಾಳಿಗೆ ಸೂಕ್ಷ್ಮ ಕಣಗಳನ್ನೂ ಬಿಡುತ್ತದೆ. ಎಷ್ಟೇ ಚಳಿ ಇದ್ದರೂ ಆಮೇಲೆ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಬತ್ತಿ ಬೇಡ, ಹಳದಿ ದೀಪವೇ ಸಾಕು.

ಹೆಜ್ಜೆ 3: ಒಂದು ಮಧ್ಯಾಹ್ನ ಕತ್ತರಿ-ಅಂಟಿಗೆ

ಹಬ್ಬದ ಅಲಂಕಾರವನ್ನು ಅಂಗಡಿಯಿಂದ ತರುವ ಬದಲು ಒಂದು ಮಧ್ಯಾಹ್ನ ಎಲ್ಲರೂ ಕೂತು ಕಾಗದ ಕತ್ತರಿಸುವುದು ಅಲ್ಲಿನ ರೂಢಿ. ಇದಕ್ಕೆ ‘ಕ್ಲಿಪ್ಪ-ಕ್ಲಿಸ್ಟರ್ ದಿನ’ ಅಂತಲೇ ಹೆಸರು, ಕತ್ತರಿಸಿ ಅಂಟಿಸುವ ದಿನ ಅಂತ. ಶಾಲೆಗಳಲ್ಲೂ ಇದೆ. ಅಜ್ಜ ಅಜ್ಜಿಯರೂ ಕೂರುತ್ತಾರೆ. ಎಲ್ಲರೂ ಮಾಡುವುದು ಹೆಣೆದ ಕಾಗದದ ಹೃದಯ. ಈಗ ಉಳಿದಿರುವ ಅಂಥ ಹೃದಯಗಳಲ್ಲಿ ಅತ್ಯಂತ ಹಳೆಯದು ಅಂತ ಗೊತ್ತಿರುವುದು ಮಕ್ಕಳ ಕಥೆಗಳ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1860ರಲ್ಲಿ ಮಾಡಿದ್ದು. ಅವರು ಕಾಗದ ಕತ್ತರಿಸುವುದರಲ್ಲೂ ನಿಸ್ಸೀಮರಾಗಿದ್ದರು.

ಮಾಡುವ ಬಗೆ ಇದು. ಕೆಂಪು ಕಾಗದದಿಂದ ಒಂದು, ಬಿಳಿ ಕಾಗದದಿಂದ ಒಂದು ಪಟ್ಟಿ ಕತ್ತರಿಸಿ. ಅಗಲ 7 ಸೆಂ.ಮೀ., ಉದ್ದ 21 ಸೆಂ.ಮೀ. ಎರಡನ್ನೂ ಉದ್ದ ಅರ್ಧವಾಗುವ ಹಾಗೆ ಮಡಚಿ. ಬಿಡಿಯಾಗಿರುವ ತುದಿಗಳನ್ನು ಅರ್ಧಚಂದ್ರದ ಹಾಗೆ ದುಂಡಗೆ ಮಾಡಿ. ಈಗ ಮಡಿಕೆಯ ಕಡೆಯಿಂದ ನೇರಕ್ಕೆ ಎರಡು ಸೀಳು ಹಾಕಿ, ಮೂರು ಸಮನಾದ ‘ಬೆರಳು’ ಬರುವ ಹಾಗೆ. ಸೀಳಿನ ಉದ್ದ 7.5 ಸೆಂ.ಮೀ. ಇರಲಿ. ಅಗಲಕ್ಕಿಂತ ಹೆಚ್ಚಿರುವ ಆ ಅರ್ಧ ಸೆಂ.ಮೀ. ಬಿಟ್ಟರೆ ಕೊನೆಯ ಬೆರಳು ಕೂರುವುದೇ ಇಲ್ಲ, ಕಾಗದ ಹರಿಯುತ್ತದೆ.

ಎರಡನ್ನೂ ಎಲ್ ಆಕಾರದಲ್ಲಿ ಹಿಡಿಯಿರಿ. ಪ್ರತಿ ಬೆರಳೂ ಎರಡು ಪದರದ್ದು, ಒಳಗೆ ಟೊಳ್ಳು. ಬಿಳಿಯ ಮೊದಲ ಬೆರಳನ್ನು ಕೆಂಪಿನ ಮೊದಲ ಬೆರಳ ಒಳಗೆ ತೂರಿಸಿ. ಮುಂದೆ ಎರಡನೆಯ ಕೆಂಪು ಬೆರಳನ್ನು ಬಿಳಿಯ ಒಳಗೆ ತೂರಿಸಿ. ಮೂರನೆಯದಕ್ಕೆ ಮತ್ತೆ ಬಿಳಿ ಒಳಗೆ. ಬಿಳಿಯ ಎರಡನೇ ಬೆರಳಿಗೆ ಇದೇ ಕ್ರಮ ತಿರುವುಮುರುವು. ಮೂರನೆಯದು ಮೊದಲಿನ ಹಾಗೇ. ಮುಗಿದ ಮೇಲೆ ಮೇಲ್ಗಡೆ ಬಿಡಿಸಿದರೆ ಪುಟ್ಟ ಬುಟ್ಟಿಯ ಹಾಗೆ ತೆರೆದುಕೊಳ್ಳಬೇಕು. ತೆರೆದುಕೊಳ್ಳದಿದ್ದರೆ ಎಲ್ಲೋ ‘ಒಳಗೆ’ ಹೋಗಬೇಕಾದದ್ದು ‘ಕೆಳಗೆ’ ಹೋಗಿದೆ, ಬಿಚ್ಚಿ ಮತ್ತೆ ಹೆಣೆಯಿರಿ. ಮೊದಲನೆಯದಕ್ಕೆ ಅರ್ಧ ಗಂಟೆ, ಮೂರನೆಯದಕ್ಕೆ ಐದು ನಿಮಿಷ. ಒಂದು ಹಿಡಿಕೆ ಅಂಟಿಸಿ, ಒಳಗೆ ಒಣದ್ರಾಕ್ಷಿ, ಬಿಸ್ಕತ್ತು ಹಾಕಿ ಕ್ರಿಸ್‌ಮಸ್ ಮರಕ್ಕೋ ಕಿಟಕಿಗೋ ತೂಗುಹಾಕಿ.

ಹೆಜ್ಜೆ 4: ಪಡ್ಡಿನ ಕಾವಲಿ ಹೊರಗೆ ತೆಗೆಯಿರಿ

ಅಮ್ಮನಿಗೆ ಡೆನ್ಮಾರ್ಕ್ ಇಷ್ಟವಾಗಿದ್ದು ಇಲ್ಲಿಂದ. ಕ್ರಿಸ್‌ಮಸ್ ಹೊತ್ತಿನ ‘ಏಬ್ಲಸ್ಕೀವರ್’ ಮಾಡುವ ಎರಕದ ಕಬ್ಬಿಣದ ಕಾವಲಿ ನಮ್ಮ ಪಡ್ಡಿನ ಕಾವಲಿಯೇ, ಗುಳಿ ಸ್ವಲ್ಪ ದೊಡ್ಡದು ಅಷ್ಟೇ. ತಿರುವಿ ಹಾಕಲು ಹಿಂದಿನವರು ಬಳಸುತ್ತಿದ್ದದ್ದು ಸ್ವೆಟರ್ ಹೆಣೆಯುವ ಕಡ್ಡಿ! ಹೆಸರಿನ ಅರ್ಥ ಸೇಬಿನ ಹೋಳು. ಈಗ ಒಳಗೆ ಸೇಬು ಸಿಗುವುದು ಅಪರೂಪ.

ಮೈದಾ 250 ಗ್ರಾಂ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ, ಏಲಕ್ಕಿ ಪುಡಿ. ಇದಕ್ಕೆ ಮೂರು ಮೊಟ್ಟೆಯ ಹಳದಿ ಮತ್ತು 400 ಮಿ.ಲೀ. ಗಟ್ಟಿ ಮಜ್ಜಿಗೆ ಹಾಕಿ ಕಲಸಿ. ಅರ್ಧ ಗಂಟೆ ಬಿಡಿ. ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಕೊನೆಯಲ್ಲಿ ಮೆತ್ತಗೆ ಬೆರೆಸಿ. ಗುಳಿಗೆ ಬೆಣ್ಣೆ, ಮೇಲೆ ಹಿಟ್ಟು. ತಳ ಗಟ್ಟಿಯಾದ ಕೂಡಲೇ ಕಾಲು ಸುತ್ತು ತಿರುಗಿಸಿ, ಆಮೇಲೆ ಮತ್ತೆ ಕಾಲು ಸುತ್ತು. ಒಂದೇ ಸಲ ಮಗುಚಿದರೆ ಚೆಂಡಿನ ಆಕಾರ ಬರುವುದಿಲ್ಲ. ಜಾಮ್ ಮತ್ತು ಪುಡಿ ಸಕ್ಕರೆಗೆ ಅದ್ದಿ ತಿನ್ನಬೇಕು. ನಿಜ ಹೇಳಬೇಕೆಂದರೆ ಬಹಳಷ್ಟು ಡೇನರು ಫ್ರೋಜನ್ ಪೊಟ್ಟಣ ತಂದು ಓವನ್‌ನಲ್ಲಿ ಬಿಸಿ ಮಾಡುತ್ತಾರೆ. ಅದರಿಂದ ಹ್ಯೂಗ ಏನೂ ಕಡಿಮೆಯಾಗುವುದಿಲ್ಲ.

ಜೊತೆಗೆ ‘ಗ್ಲೊಗ್’. ಕೆಂಪು ವೈನ್‌ಗೆ ಚಕ್ಕೆ, ಲವಂಗ, ಏಲಕ್ಕಿ, ಕಿತ್ತಳೆ ಸಿಪ್ಪೆ, ಒಣದ್ರಾಕ್ಷಿ, ಬಾದಾಮಿ ಚೂರು ಹಾಕಿ ಬಿಸಿ ಮಾಡಿದ್ದು. ಕುದಿಸಬಾರದು. ವೈನ್ ಬೇಡವೆಂದರೆ ಕಪ್ಪು ದ್ರಾಕ್ಷಿಯ ರಸದಲ್ಲಿ ಮಾಡಿ, ನಮ್ಮ ಮನೆಯಲ್ಲಿ ಅದೇ.

ಇನ್ನೊಂದು, ಹಾಲಿನ ಅನ್ನದ ಗಂಜಿ, ‘ರೀಸನ್‌ಗ್ರೋಡ್’. ಸುಮಾರು 200 ಗ್ರಾಂ ಗುಂಡನೆ, ಅಂಟುವ ಅಕ್ಕಿಯನ್ನು 300 ಮಿ.ಲೀ. ನೀರಲ್ಲಿ ಎರಡು ನಿಮಿಷ ಕುದಿಸಿ, ಒಂದು ಲೀಟರ್ ಗಟ್ಟಿ ಹಾಲು ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಕುದಿ ಬರಿಸಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಆಮೇಲಿನದು ಹಳೇ ಕಾಲದ ಉಪಾಯ. ಮುಚ್ಚಳ ಬಿಗಿ ಮಾಡಿ, ಪಾತ್ರೆಗೆ ನ್ಯೂಸ್‌ಪೇಪರ್ ಸುತ್ತಿ, ಹಾಸಿಗೆ ಮೇಲಿಟ್ಟು ರಜಾಯಿ ಹೊದಿಸಿ ಎರಡು ಎರಡೂವರೆ ಗಂಟೆ ಬಿಟ್ಟುಬಿಡಿ. ತನ್ನ ಪಾಡಿಗೆ ತಾನು ಬೇಯುತ್ತದೆ, ನೀವು ಹಾಲ್‌ನಲ್ಲಿ ಕೂತಿರಬಹುದು. ಉಪ್ಪು ಕೊನೆಯಲ್ಲಿ. ಬಿಸಿ ಗಂಜಿಯ ನಡುವೆ ಬೆಣ್ಣೆಯ ಉಂಡೆ, ಮೇಲೆ ಚಕ್ಕೆ ಪುಡಿ ಬೆರೆಸಿದ ಸಕ್ಕರೆ. ಅಟ್ಟದಲ್ಲಿರುವ ‘ನಿಸ್ಸೆ’ ಅನ್ನುವ ಕೆಂಪು ಟೊಪ್ಪಿಯ ಕುಳ್ಳನಿಗೂ ಒಂದು ಬಟ್ಟಲು ಇಡಬೇಕಂತೆ. ಮರೆತರೆ ಅವನು ಕಿತಾಪತಿ ಮಾಡುತ್ತಾನೆ.

ಹೆಜ್ಜೆ 5: ಕೆಲವರನ್ನೇ ಕರೆಯಿರಿ, ಕೆಲಸ ಹಂಚಿ

ನಾಲ್ಕರಿಂದ ಆರು ಜನ ಸಾಕು. ಎಲ್ಲರ ಮಾತು ಎಲ್ಲರಿಗೂ ಕೇಳಬೇಕು. ಆರು ಗಂಟೆ ಅಂದರೆ ಆರೇ ಗಂಟೆ. ಮೊದಲ ವರ್ಷ ನಾನು ನಮ್ಮೂರ ಲೆಕ್ಕದಲ್ಲಿ ಆರೂಮುಕ್ಕಾಲಿಗೆ ಹೋಗಿದ್ದೆ. ಎಲ್ಲರೂ ನನಗಾಗಿ ತಟ್ಟೆ ಮುಂದೆ ಕಾದು ಕೂತಿದ್ದರು. ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟವಾಗಿದ್ದು.

ನಮ್ಮವರಿಗೆ ಇನ್ನೂ ಕಷ್ಟದ ಮಾತು ಇದು: ಮನೆಯೊಡತಿ ಅಡುಗೆಮನೆಯಲ್ಲೇ ಉಳಿದರೆ ಅದು ಹ್ಯೂಗ ಅಲ್ಲ. ಬಂದವರ ಕೈಗೇ ಚಾಕು ಕೊಡಿ, ಒಬ್ಬರು ತಟ್ಟೆ ಇಡಲಿ, ಒಬ್ಬರು ಪಾತ್ರೆ ತೊಳೆಯಲಿ. ಅಮ್ಮ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. “ಕರೆದು ಪಾತ್ರೆ ತೊಳೆಸೋದಾ?” ಅಂದರು. ಆದರೆ ಆ ದಿನ ಎಲ್ಲರ ಜೊತೆ ಬಿಸಿಬಿಸಿ ತಿಂದರು.

ಹ್ಯೂಗಕ್ಕೆ ಒಂದು ಊನವೂ ಇದೆ. ಇದು ಬಾಗಿಲು ಹಾಕಿಕೊಂಡ ಸುಖ. ಹೊಸಬರು ಆ ಬಾಗಿಲು ದಾಟಲು ಬಹಳ ಕಾಲ ಹಿಡಿಯುತ್ತದೆ, ಹೊರಗಿನಿಂದ ಬಂದ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಆರು ಕುರ್ಚಿಯಲ್ಲಿ ಒಂದು, ಆ ಊರಿಗೆ ಹೊಸದಾಗಿ ಬಂದವರಿಗೆ ಇರಲಿ.

ಹೆಜ್ಜೆ 6: 24ರ ಸಂಜೆ, ಒಂದೇ ಬಾದಾಮಿ

ಡೆನ್ಮಾರ್ಕಿನಲ್ಲಿ ದೊಡ್ಡ ಹಬ್ಬ 24ರ ಸಂಜೆಯೇ. ಮರವನ್ನು ಕೋಣೆಯ ನಡುವೆ ಎಳೆದು, ಕೈ ಕೈ ಹಿಡಿದು, ಹಾಡುತ್ತಾ ಸುತ್ತುತ್ತಾರೆ. ಈಗಲೂ ಕೆಲವರು ಮರಕ್ಕೆ ನಿಜವಾದ ಬತ್ತಿ ಹಚ್ಚುತ್ತಾರೆ, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು. ನೀವು ಅದಕ್ಕೆ ಕೈಹಾಕಬೇಡಿ.

ಆಟ ಇರುವುದು ಊಟದ ಕೊನೆಯ ಸಿಹಿಯಲ್ಲಿ. ಹೆಜ್ಜೆ 4ರ ಹಾಲಿನ ಗಂಜಿಯನ್ನು 23ಕ್ಕೇ ಮಾಡಿ, ಅದರಲ್ಲಿ ಅರ್ಧ ಎತ್ತಿಟ್ಟು, ಆರಿದ ಕೂಡಲೇ ಫ್ರಿಜ್‌ಗೆ ಹಾಕಿ. ಮರುದಿನ ಅದಕ್ಕೆ ಕಡೆದ 300 ಮಿ.ಲೀ. ಕ್ರೀಮ್, ವೆನಿಲ್ಲಾ, ಸ್ವಲ್ಪ ಸಕ್ಕರೆ, ಸಿಪ್ಪೆ ಸುಲಿದು ಹೆಚ್ಚಿದ ಒಂದು ಹಿಡಿ ಬಾದಾಮಿ ಬೆರೆಸಿ. ಮೇಲೆ ಬಿಸಿ ಚೆರ್ರಿ ಸಾಸ್. ಇದೇ ‘ರಿಸಲಮಾಂಗ್’. ಇದಕ್ಕೆ ಮೊಟ್ಟೆ ಇಲ್ಲ. ಒಳಗೆ ಒಂದೇ ಒಂದು ಇಡೀ ಬಾದಾಮಿ ಬಚ್ಚಿಡಿ. ಸಿಕ್ಕಿದವರಿಗೆ ಬಹುಮಾನ, ಸಾಮಾನ್ಯವಾಗಿ ಮಾರ್ಜಿಪಾನಿನ (ಬಾದಾಮಿ ಪುಡಿ, ಸಕ್ಕರೆ ಕಲಸಿದ ಸಿಹಿ) ಹಂದಿಮರಿ. ಮಜಾ ಏನೆಂದರೆ, ಸಿಕ್ಕಿದವರು ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಸುಮ್ನೆ ಇರುತ್ತಾರೆ. ಉಳಿದವರು ಹೊಟ್ಟೆ ಬಿರಿದರೂ ಹುಡುಕುತ್ತಾ ತಿನ್ನುತ್ತಲೇ ಇರುತ್ತಾರೆ. ಆ ವರ್ಷ ಬಾದಾಮಿ ಸಿಕ್ಕಿದ್ದು ಅಮ್ಮನಿಗೆ. ಆಟ ಗೊತ್ತಿಲ್ಲದೆ ಅಗಿದು ನುಂಗಿಬಿಟ್ಟಿದ್ದರು. ನಾವು ಇಡೀ ಬಟ್ಟಲು ಖಾಲಿ ಮಾಡಿದೆವು.

ಕೊನೆಗೆ: ಮೇಣದ ಕಲೆ

ಮೇಜುಬಟ್ಟೆಯ ಮೇಲೆ ಮೇಣ ಬಿದ್ದೇ ಬೀಳುತ್ತದೆ. ಬಿಸಿ ಇರುವಾಗ ಒರೆಸಬೇಡಿ, ಹರಡುತ್ತದೆ. ಗಟ್ಟಿಯಾದ ಮೇಲೆ ಚಮಚದ ಹಿಂಬದಿಯಿಂದ ಕೆರೆದು, ಮೇಲೆ ಕೆಳಗೆ ಅಡುಗೆಮನೆಯ ಟಿಶ್ಯೂ ಪೇಪರ್ ಇಟ್ಟು ಹದವಾದ ಇಸ್ತ್ರಿ ಆಡಿಸಿ. ಮೇಣ ಪೇಪರ್‌ಗೆ ಇಳಿಯುತ್ತದೆ. ಬಿಳಿ ಮೇಣವಾದರೆ ಪೂರ್ತಿ ಹೋಗುತ್ತದೆ. ಕೆಂಪು ಬತ್ತಿಯದ್ದಾದರೆ ಬಣ್ಣ ಉಳಿಯುತ್ತದೆ. ನಮ್ಮ ಮೇಜುಬಟ್ಟೆಯ ಮೇಲಿನ ಕಲೆಯನ್ನು ಈಗ ಹಣ್ಣಿನ ಬುಟ್ಟಿ ಮುಚ್ಚಿಕೊಂಡಿದೆ.