ಕಂಬಕ್ಕೆ ಸಿಗದ ದುಡ್ಡು ಪ್ರಶ್ನೆಗೆ ಸಿಕ್ಕಿತು

ಕೊರಟಗೆರೆ, ಮಧುಗಿರಿ ಕಡೆ ಬೆಟ್ಟಗಳು ಜಾಸ್ತಿ. ನೋಡೋಕೆ ಚೆಂದ, ಸಿಗ್ನಲ್‌ಗೆ ಮಾತ್ರ ಅಡ್ಡ. ರಸ್ತೆ ಬದಿಯ ಊರಿನಲ್ಲಿ ವಿಡಿಯೋ ಸಲೀಸಾಗಿ ಓಡುತ್ತದೆ. ಬಂಡೆಯ ಹಿಂದಿನ ಹಟ್ಟಿಯಲ್ಲಿ ಒಂದು ಫೋನ್ ಮಾಡಲು ಮಾಳಿಗೆ ಹತ್ತಬೇಕು. ಅಂಥ ಹಟ್ಟಿಗಳಿಗೆ ವೈಫೈ ಮುಟ್ಟಿಸುವ ಕೆಲಸವನ್ನು ನಾವು ಒಂದಷ್ಟು ಗೆಳೆಯರು ಮಾಡುತ್ತಿದ್ದೇವೆ. ಗುಡ್ಡದ ಮೇಲೆ ಕಂಬ ನೆಟ್ಟು ಸಿಗ್ನಲ್ ಕಳಿಸುವ ಒಂದು ರೇಡಿಯೋ, ಕೆಳಗೆ ಹಾಲಿನ ಡೈರಿ ಕಟ್ಟಡದ ಮೇಲೆ ಇನ್ನೊಂದು. 2.4 ಮತ್ತು 5 ಗಿಗಾಹರ್ಟ್ಸ್‌ನ ವೈಫೈ ತರಂಗಗಳಿಗೆ ಪರವಾನಗಿ ಬೇಡ, ಹಾಗಾಗಿ ಸಾಮಾನಿಗೆ ಭಾರೀ ಖರ್ಚಿಲ್ಲ. ಆದರೂ ದುಡ್ಡು ಬೇಕಲ್ಲ. ಅದನ್ನು ಹೇಗೆ ಹೊಂದಿಸಿದೆವು ಅಂತ ಕೇಳುವವರು ಬಹಳ, ಅದಕ್ಕೇ ಬರೆಯುತ್ತಿದ್ದೇನೆ.

ಕಂಬಕ್ಕೆ ದುಡ್ಡು ಕೊಡಿ ಎಂದರೆ ಎಲ್ಲರದ್ದೂ ಒಂದೇ ಉತ್ತರ: ಭಾರತ್‌ನೆಟ್ ಇದೆಯಲ್ಲ! ಹೌದು, ಇದೆ. 2011ರಲ್ಲಿ ಮಂಜೂರಾದ ಯೋಜನೆ. ಗ್ರಾಮ ಪಂಚಾಯಿತಿವರೆಗೆ ಫೈಬರ್ ಎಳೆಯುವುದು ಅದರ ಮೂಲ ಉದ್ದೇಶ. ಪಂಚಾಯಿತಿ ಆಫೀಸಿನಿಂದ ಹಟ್ಟಿಗೆ ಇರುವ ದಾರಿಯದ್ದೇ ನಮ್ಮ ತಲೆನೋವು. ಅದನ್ನು ವಿವರಿಸಿ ಸಾಕಾಗಿ, ಕಂಬ ಬಿಟ್ಟು ಸಂಶೋಧನೆಗೆ ಹಣ ಕೇಳೋಣ ಎಂದುಕೊಂಡೆವು.

ಇಂಟರ್ನೆಟ್ ಸೊಸೈಟಿ ಫೌಂಡೇಶನ್, ಎಪಿನಿಕ್ ಫೌಂಡೇಶನ್‌ನ ಐಎಸ್‌ಐಎಫ್ ಏಷ್ಯಾ, ಹೀಗೆ ಇಂಟರ್ನೆಟ್ ಕುರಿತ ಕೆಲಸಕ್ಕೇ ಹಣ ಕೊಡುವ ಸಂಸ್ಥೆಗಳಿವೆ. ಇಂಥವರ ಪ್ರಕಟಣೆಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ: ಸಂಪರ್ಕ, ಬಾಳಿಕೆ, ನಂಬಿಕೆ. ಕೆಲವು ಕಡೆ ಮೊದಲು ಒಂದು ಚಿಕ್ಕ ಪತ್ರ ಕೇಳುತ್ತಾರೆ, ಅದು ಹಿಡಿಸಿದರೆ ಮಾತ್ರ ದೊಡ್ಡ ಅರ್ಜಿ. ಆ ಚಿಕ್ಕ ಪತ್ರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ ಎನ್ನುವುದು ನನ್ನ ಅಭಿಪ್ರಾಯ. ನಮ್ಮದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಪಂಚಾಯಿತಿಗೆ ಫೈಬರ್ ಬಂದರೂ, ಗೃಹಲಕ್ಷ್ಮಿಯ 2,000 ರೂಪಾಯಿ ಬಂತಾ ಅಂತ ನೋಡಲು ಹಟ್ಟಿಯ ಹೆಂಗಸರು ಯಾಕೆ ಇನ್ನೊಬ್ಬರ ಕೈಗೆ ಫೋನ್ ಕೊಡುತ್ತಾರೆ?

ಅರ್ಜಿಯ ಪರಿಶೀಲಕರು ಕೇಳಿದರು, 'ನೀವು ವೈಫೈ ಕೊಟ್ಟ ಮೇಲೂ ಅವರು ಹಾಗೇ ಮಾಡಿದರೆ?' ಅದನ್ನೇ ಬರೆಯುತ್ತೇವೆ ಎಂದೆವು. ಉತ್ತರ ಮೊದಲೇ ಗೊತ್ತಿದ್ದರೆ ಅದು ಸಂಶೋಧನೆ ಅಲ್ಲ, ಜಾಹೀರಾತು. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇನ್ನು ಕಾನೂನು. ಹೊರದೇಶದ ಹಣ ಎಂದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ನಮ್ಮ ಸಂಘಕ್ಕೆ ಆ ನೋಂದಣಿ ಇರಲಿಲ್ಲ. 2020ರ ತಿದ್ದುಪಡಿಯ ನಂತರ ಇಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು 20 ಶೇಕಡಾ ದಾಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ನೋಂದಣಿ ಇರುವ ಒಂದು ಶಿಕ್ಷಣ ಟ್ರಸ್ಟ್ ತನ್ನ ಹೆಸರಿನಲ್ಲೇ ಅರ್ಜಿ ಹಾಕಿತು. ನಮ್ಮ ಹುಡುಗರನ್ನು ತಾನೇ ಕೆಲಸಕ್ಕೆ ತೆಗೆದುಕೊಂಡಿತು. ಬ್ಯಾಟರಿಯ ಬಿಲ್ಲೂ ಅವರ ಹೆಸರಿಗೇ. ಸುಮ್ನೆ 'ಪಾಲುದಾರರು' ಎಂದು ಬರೆದುಕೊಂಡು ದುಡ್ಡು ಹಂಚಿಕೊಳ್ಳೋಣ ಎಂದುಕೊಂಡಿರುವವರು ಮೊದಲು ಒಬ್ಬ ಸಿಎ ಹತ್ತಿರ ಹೋಗಿ ಬನ್ನಿ.

ಬಾಳಿಕೆ ಎಂದರೆ ನಮಗೆ ಬ್ಯಾಟರಿ. ಗುಡ್ಡದ ಮೇಲೆ ಸೋಲಾರ್‌ನಲ್ಲಿ ನಡೆಯುವ ನಮ್ಮ ರೇಡಿಯೋ, ರೌಟರ್ ಸೇರಿ ಸುಮಾರು 10 ವಾಟ್ ಎಳೆಯುತ್ತವೆ. ದಿನಕ್ಕೆ 240 ವಾಟ್-ಅವರ್. 12 ವೋಲ್ಟಿನ 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 480 ಇರುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡುತ್ತಿದ್ದರೆ ಬೇಗ ಸಾಯುತ್ತದೆ. ಅಂದರೆ ಒಂದು ದಿನ ಬಿಸಿಲಿಲ್ಲದಿದ್ದರೆ ಸರಿ, ಎರಡನೇ ದಿನವೂ ಮೋಡ ಮುಚ್ಚಿದರೆ ಹಟ್ಟಿ ಕತ್ತಲು. ಮೂರು ದಿನ ತಡೆಯಬೇಕಾದರೆ 120 ಆಂಪಿಯರ್-ಅವರ್ ಬೇಕು. ಅದನ್ನು ಹೊತ್ತು ಗುಡ್ಡ ಹತ್ತುವವರ ಕೂಲಿಯನ್ನೂ ಬಜೆಟ್‌ನಲ್ಲಿ ಹಾಕಿ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ, ನಾವಿಲ್ಲಿ ಹತ್ತು ವಾಟ್‌ಗೆ ಲೆಕ್ಕ ಹಾಕುತ್ತಾ ಕೂತಿದ್ದೇವೆ! ಕೋತಿಗಳು ಕೇಬಲ್ ಕಚ್ಚುತ್ತವೆ, ಅದಕ್ಕೆ ಕಬ್ಬಿಣದ ಪೈಪು. ಅನುದಾನದ ಅವಧಿ ಮುಗಿಯುತ್ತದೆ, ಆಮೇಲೆ ಬ್ಯಾಟರಿಯೂ ಮುಗಿಯುತ್ತದೆ. ಹೊಸದಕ್ಕೆ ಯಾರು ಕೊಡುತ್ತಾರೆ ಎನ್ನುವುದನ್ನು ಅರ್ಜಿಯಲ್ಲೇ ಬರೆದಿದ್ದೆವು: ಡೈರಿ ಸಂಘ. ಸಂಘದವರು ಸಭೆಯಲ್ಲಿ ಒಪ್ಪಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಪುಟದ ಫೋಟೋವನ್ನೇ ಲಗತ್ತಿಸಿದೆವು.

ನಂಬಿಕೆಯ ಭಾಗಕ್ಕೆ ನಾವು ಎಣಿಸಿದ್ದಕ್ಕಿಂತ ಜಾಸ್ತಿ ಸಮಯ ಹಿಡಿಯಿತು. ಬೆಳಗ್ಗೆ ಹಾಲು ಹಾಕಲು ಎಲ್ಲರೂ ಡೈರಿಗೆ ಬರುತ್ತಾರೆ, ಅಲ್ಲೇ ಮಾತಾಡಿಸೋಣ ಎಂದು ನಿಂತೆವು. ಒಬ್ಬ ಅಜ್ಜಿ ಕ್ಯಾನ್ ಕೆಳಗಿಟ್ಟು ಕೇಳಿದರು, 'ಇದನ್ನ ಬರಕೊಂಡು ಹೋದ್ರೆ ಬಿಪಿಎಲ್ ಕಾರ್ಡ್ ಕಿತ್ಕೊತಾರೇನಪ್ಪಾ?' ಅವತ್ತೇ ಪ್ರಶ್ನಾವಳಿಯಿಂದ ಆದಾಯದ ಕಾಲಂ ತೆಗೆದೆವು. ಬದಲಿಗೆ, ಹಾಲಿನ ಬಟವಾಡೆ ಬಂದ ವಾರ ರೀಚಾರ್ಜಿಗೆ ಎಷ್ಟು ಹೋಯಿತು ಎಂದು ಕೇಳಿದೆವು. ಅದಕ್ಕೆ ಸಲೀಸಾಗಿ ಉತ್ತರ ಬಂತು. ಆಧಾರ್ ಬೇಡ, ಹೆಸರೂ ಬೇಡ, ಮನೆಗೊಂದು ನಂಬರ್ ಅಷ್ಟೇ. ಯಾವ ನಂಬರ್ ಯಾರದ್ದು ಎಂಬ ಪುಸ್ತಕ ಸ್ತ್ರೀಶಕ್ತಿ ಸಂಘದ ಬೀರುವಿನಲ್ಲಿ, ಕೀಲಿ ಅವರ ಬಳಿಯೇ. ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಕೇಳುವಾಗ ಈ ಬೀರು ನಮಗೆ ತುಂಬಾ ಸಹಾಯಕ್ಕೆ ಬಂತು.

ಓಟಿಪಿ ಇನ್ನೊಂದು ತಕರಾರು. ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆಯಾದ ಪಿಎಂ-ವಾಣಿಗೆ ಸೇರಬೇಕಾದರೆ ಫೋನ್ ನಂಬರ್, ಓಟಿಪಿ ಬೇಕು. ಯಾರಿಗೂ ಓಟಿಪಿ ಹೇಳಬೇಡಿ ಎಂದು ಫೋನಿನಲ್ಲೇ ಎಚ್ಚರಿಕೆ ಕೇಳಿ ಕೇಳಿ ರೂಢಿಯಾದವರಿಗೆ, ನಾವು ಹೋಗಿ ಓಟಿಪಿ ಹಾಕಿ ಎಂದರೆ ಹೇಗಿರುತ್ತದೆ? ಹೆಂಗಸರು ಮಗನ ನಂಬರ್ ಕೊಟ್ಟರು. ಅಂಗಡಿ ಹುಡುಗನಿಗೆ ಮಾತ್ರ ಅದೇ ಹೆಂಗಸರು ಪಿನ್ ಸಮೇತ ಫೋನ್ ಕೊಡುತ್ತಾರೆ! ಯಾಕೆಂದರೆ ದುಡ್ಡು ಬರದಿದ್ದರೆ ಹೋಗಿ ಕೇಳಲು ಅವನು ಊರಲ್ಲೇ ಇರುತ್ತಾನೆ. ವೈಫೈ ಕೆಟ್ಟರೆ ಯಾರನ್ನು ಕೇಳಬೇಕು? ನಮ್ಮ ವರದಿಯ ಮುಖ್ಯ ಮಾತು ಇದೇ ಆಯಿತು. ವೇಗ, ದರ ಎಲ್ಲ ಅದರ ಹಿಂದೆ ಬಂದವು.

ವರದಿಯ ಕನ್ನಡ ಪ್ರತಿಯನ್ನು ಡೈರಿಯಲ್ಲಿ ಓದಿ ಹೇಳಿದೆವು. ಅಂಗಡಿ ಹುಡುಗನೂ ಬಂದಿದ್ದ, ಸ್ವಲ್ಪ ಮುಖ ಊದಿಸಿಕೊಂಡೇ ಕೂತಿದ್ದ. ಈಗ ಎರಡನೇ ಅರ್ಜಿ ಬರೆಯುತ್ತಿದ್ದೇವೆ. ರೌಟರ್‌ಗಳ ಸಂಖ್ಯೆ ಕಡಿಮೆ ಮಾಡಿ, ಹಟ್ಟಿಯ ಒಬ್ಬ ಹೆಣ್ಣುಮಗಳಿಗೆ ರಿಪೇರಿ ತರಬೇತಿ ಮತ್ತು ತಿಂಗಳ ಸಂಬಳ ಸೇರಿಸಿದ್ದೇವೆ. ಮೊದಲ ಕರಡು ನೋಡಿದ ಪರಿಚಯದವರೊಬ್ಬರು ಸಂಬಳ ಯಾಕೆ ಇಷ್ಟು ಎಂದು ಗುರುತು ಹಾಕಿ ಕಳಿಸಿದ್ದಾರೆ. ನಾವು ಅದನ್ನು ಇಳಿಸಿಲ್ಲ.