ಪೆಟ್ಟಿಗೆಯಿಲ್ಲದೆ ಬೋರ್ಡು ಹಾರಿಸಿದ್ದು: ವಿಮಾನಪ್ರಯಾಣಕ್ಕೆ ಸರ್ಫ್‌ಬೋರ್ಡ್ ಪ್ಯಾಕ್ ಮಾಡುವುದರಲ್ಲಿ ನನ್ನ ಅನುಭವ

ವಿಮಾನಕ್ಕೆ ಹಾಕುವ ಸರ್ಫ್‌ಬೋರ್ಡಿನ (ಅಲೆಯ ಮೇಲೆ ನಿಂತು ಜಾರುವ ಹಲಗೆಯ) ಮೈಗಿಂತ ಅಂಚನ್ನು ಹೆಚ್ಚು ಕಾಯಬೇಕು, ಹೊದಿಕೆ ದಪ್ಪವಾಗಿರುವುದಕ್ಕಿಂತ ಚೀಲದೊಳಗೆ ಬೋರ್ಡು ಅಲುಗದಂತಿರುವುದು ಮುಖ್ಯ ಎಂದು ನಾನು ಹೇಳತೊಡಗಿದಾಗ, ಮಂಗಳೂರು ಬಳಿಯ ಮೂಲ್ಕಿ–ಸಸಿಹಿತ್ಲು ಕಡೆಯ ನಮ್ಮ ಸರ್ಫಿಂಗ್ ಬಳಗದಲ್ಲಿ ಒಪ್ಪಿದವರು ವಿರಳ. ಪ್ಲೈವುಡ್ ಪೆಟ್ಟಿಗೆಯಿಲ್ಲದೆ ಬೋರ್ಡನ್ನು ಕಳಿಸಲೇಬಾರದು ಎನ್ನುವವರು ಒಂದು ಕಡೆ, ಬಬಲ್ ರ‍್ಯಾಪ್ ನಾಲ್ಕೈದು ಸುತ್ತು ಸುತ್ತಿದರೆ ಸಾಕು ಎನ್ನುವವರು ಇನ್ನೊಂದು ಕಡೆ. ಕೆಲವು ವರ್ಷಗಳಿಂದ, ನಮ್ಮ ಕಡಲು ಮಳೆಗಾಲದಲ್ಲಿ ಕೆಟ್ಟಾಗಲೆಲ್ಲ ನನ್ನ ಬೋರ್ಡುಗಳು ಶ್ರೀಲಂಕಾದ ಅರುಗಂ ಬೇ ಕಡಲತೀರಕ್ಕೆ ಹೋಗಿ ಬರುತ್ತಿವೆ, ಮಾಲ್ದೀವ್ಸ್‌ನ ತುಲುಸ್ಧೂ ದ್ವೀಪಕ್ಕೂ ಹೋಗಿವೆ. ಈಗಿನ ಕ್ರಮಕ್ಕೆ ಬಂದ ಮೇಲೆ ಒಂದೇ ಒಂದು ಡಿಂಗ್ (ಪೆಟ್ಟಿನಿಂದಾಗುವ ತಗ್ಗು, ಬಿರುಕು) ಕೂಡ ಆಗಿಲ್ಲ. ಅಂದು ನಕ್ಕವರಲ್ಲಿ ಕೆಲವರು ಈಗ ತಮ್ಮ ಬೋರ್ಡುಗಳನ್ನು ಕಟ್ಟಿಸಲು ನನ್ನಲ್ಲಿಗೇ ತರುತ್ತಾರೆ.

ಪೆಟ್ಟಿಗೆಯನ್ನು ನಾನೂ ಮಾಡಿಸಿ ನೋಡಿದ್ದೇನೆ. ಬಡಗಿಯ ಕೂಲಿ, ಪ್ಲೈವುಡ್, ಬಿಜಾಗರಿ ಎಲ್ಲ ಸೇರಿ ಸುಮಾರು 7,000 ರೂಪಾಯಿ ತಗಲಿತು. ಆರಡಿಯ ಶಾರ್ಟ್‌ಬೋರ್ಡಿನ ತೂಕ ಹೆಚ್ಚೆಂದರೆ 3 ಕಿಲೋ. ಪೆಟ್ಟಿಗೆಯೇ 20 ಕಿಲೋ ಹತ್ತಿರ ತೂಗಿತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಟ್ಟಿದ ಹೆಚ್ಚುವರಿ ತೂಕದ ಶುಲ್ಕ ಪೆಟ್ಟಿಗೆಯ ಬೆಲೆಯನ್ನೂ ಮೀರಿತು. ಅಷ್ಟು ತೆತ್ತರೂ ಫಲ ಸಿಗಲಿಲ್ಲ. ಒಬ್ಬನಿಂದ ಎತ್ತಲಾಗದ ಸಾಮಾನನ್ನು ಲೋಡರುಗಳು ಎಳೆಯುತ್ತಾರೆ, ಮಗುಚುತ್ತಾರೆ, ಗಟ್ಟಿಯಾಗಿ ಕಂಡದ್ದರ ಮೇಲೆಯೇ ಉಳಿದ ಸೂಟ್‌ಕೇಸುಗಳನ್ನು ಹೇರುತ್ತಾರೆ. ಪೆಟ್ಟಿಗೆ ಸರಿಯಾಗಿಯೇ ಊರು ಸೇರಿತು. ಒಳಗೆ ಬೋರ್ಡು ಜಾರಿ ಅದರ ನೋಸು (ಮುಂತುದಿ) ಪೆಟ್ಟಿಗೆಯ ಗೋಡೆಗೇ ಗುದ್ದಿ ಚಪ್ಪಟೆಯಾಗಿತ್ತು.

ಬಬಲ್ ರ‍್ಯಾಪಿನ ಕಥೆಯೂ ಹೆಚ್ಚು ಭಿನ್ನವಲ್ಲ. ಟ್ರಾಲಿಯ ಮೇಲೆ ಬಿಗಿಯುವ ಪಟ್ಟಿ ರೇಲಿನ (ಬೋರ್ಡಿನ ಪಕ್ಕದ ಅಂಚಿನ) ಮೇಲೆ ಒತ್ತಿದ ಕಡೆ ಗುಳ್ಳೆಗಳು ಮೊದಲೇ ಒಡೆದುಹೋಗುತ್ತವೆ. ರಕ್ಷಣೆ ಅಷ್ಟಾಗಿ ಬೇಡದ ಡೆಕ್ಕಿನ (ನಿಲ್ಲುವ ಮೇಲ್ಮೈಯ) ನಡುಭಾಗದಲ್ಲಿ ಮಾತ್ರ ಹಾಗೆಯೇ ಉಳಿದಿರುತ್ತವೆ.

ರಿಪೇರಿಗೆ ಬಂದ ಬೋರ್ಡುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಪೆಟ್ಟು ಬೀಳುವ ಜಾಗಗಳು ಹೆಚ್ಚುಕಡಿಮೆ ಒಂದೇ ಎಂಬುದು ಕಂಡಿತು: ಪಟ್ಟಿ ಒತ್ತಿದಲ್ಲಿ ರೇಲು, ಚೀಲವನ್ನು ನಿಲ್ಲಿಸಿದಾಗ ನೆಲಕ್ಕೆ ತಾಗುವ ಟೇಲಿನ (ಹಿಂತುದಿಯ) ಮೂಲೆಗಳು, ನೋಸಿನ ತುದಿ. ನಾಲ್ಕನೆಯದು ನಡುವಿನಲ್ಲಿ ಅಡ್ಡಲಾಗಿ ಬೀಳುವ ಮಡಿಕೆ, ಮತ್ತು ಎಲ್ಲಕ್ಕಿಂತ ದುಬಾರಿಯಾದದ್ದು ಅದೇ. ರೇಲಿನ ಬಿರುಕನ್ನು ಒಂದೂವರೆ ಎರಡು ಸಾವಿರದಲ್ಲಿ ಮುಚ್ಚಬಹುದು. ನಡು ಮಡಿಚಿದ ಬೋರ್ಡನ್ನು ಹೇಗೆ ಸರಿಪಡಿಸಿದರೂ ಅದು ಮೊದಲಿನಂತೆ ಅಲೆಯಲ್ಲಿ ತಿರುಗುವುದಿಲ್ಲ, 50,000 ರೂಪಾಯಿ ಹೋಯಿತೆಂದೇ ಲೆಕ್ಕ.

ಈ ಮಡಿಕೆಗೆ ಕಾರಣ ರಾಕರ್, ಅಂದರೆ ಬೋರ್ಡಿನ ಎರಡೂ ತುದಿ ಮೇಲಕ್ಕೆ ಬಾಗಿರುವುದು. ಬೋರ್ಡನ್ನು ನೆಲದ ಮೇಲಿಟ್ಟರೆ ನೋಸು ಸುಮಾರು 5 ಇಂಚು, ಟೇಲು ಎರಡೂವರೆ ಇಂಚಿನಷ್ಟು ಮೇಲಿರುತ್ತದೆ. ಡೆಕ್ ಕೆಳಗಾಗಿ ಮಲಗಿಸಿದಾಗ ಎರಡು ತುದಿಗಳು ಮಾತ್ರ ನೆಲಕ್ಕೆ ತಾಗಿ ನಡುಭಾಗ ಸೇತುವೆಯಾಗುತ್ತದೆ. ಅದರ ಮೇಲೆ ನಾಲ್ಕು ಸೂಟ್‌ಕೇಸು ಬಿದ್ದರೆ ಮತ್ತೇನಾದೀತು? ಆದುದರಿಂದ ನಾನು ಬೋರ್ಡಿನ ಎರಡೂ ಬದಿಯ ಪೊಳ್ಳನ್ನು ತುಂಬುತ್ತೇನೆ. ಕೆಳಗೆ ನೋಸು ಮತ್ತು ಟೇಲಿನಡಿ, ಮೇಲೆ ಡೆಕ್ಕಿನ ನಡುವೆ, ಟವೆಲು, ರ‍್ಯಾಶ್‌ಗಾರ್ಡು, ಚಡ್ಡಿಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಇಟ್ಟರೆ ಕಟ್ಟು ಎರಡೂ ಕಡೆ ಸಮತಟ್ಟಾಗುತ್ತದೆ. ಹೀಗೆ ಕಟ್ಟಿದ ಹಳೆಯ ಬೋರ್ಡೊಂದನ್ನು ಡೆಕ್ ಕೆಳಗಾಗಿ ಅಂಗಳದಲ್ಲಿ ಮಲಗಿಸಿ ಇಬ್ಬರು ಹುಡುಗರನ್ನು ನಡುವಿನಲ್ಲಿ ನಿಲ್ಲಿಸಿದೆ. ಇಬ್ಬರೂ ಸೇರಿ 120 ಕಿಲೋ ಇದ್ದಾರು. ಬೋರ್ಡು ಬಗ್ಗಲಿಲ್ಲ, ನನ್ನನ್ನು ನಂಬದವರ ಬಾಯಿ ಮುಚ್ಚಿದ್ದು ಅಂದೇ. ಕೆಲವೆಡೆ ಕ್ರೀಡಾಸಾಮಗ್ರಿಯ ಚೀಲದಲ್ಲಿ ಬಟ್ಟೆ ಇಡಲು ಕೌಂಟರಿನವರು ಆಕ್ಷೇಪಿಸುವುದುಂಟು. ಇದು ಪ್ಯಾಕಿಂಗ್ ಎಂದು ಸಮಾಧಾನವಾಗಿ ಹೇಳಿದರೆ ಇಲ್ಲಿಯವರೆಗೆ ಒಪ್ಪಿದ್ದಾರೆ.

ಅಂಚಿಗೆ ನಾನು ಬಳಸುವುದು ಏಸಿಯ ತಾಮ್ರದ ಕೊಳವೆಗೆ ಹಾಕುವ ಕಪ್ಪು ರಬ್ಬರ್ ಪೈಪು. ಎರಡು ಮೀಟರಿನ ತುಂಡುಗಳಲ್ಲಿ ಸಿಗುವುದರಿಂದ ಆರಡಿಯ ಬೋರ್ಡಿಗೆ ಬದಿಗೊಂದು ಸಾಕು. ನಾನು ಕೊಂಡಾಗ ತುಂಡಿಗೆ ನೂರು, ನೂರಿಪ್ಪತ್ತು ರೂಪಾಯಿ ಇತ್ತು. ಉದ್ದಕ್ಕೆ ಸೀಳಿ ರೇಲಿಗೆ ತೊಡಿಸಬೇಕು, ಆದರೆ ಅದಕ್ಕೆ ಮೊದಲು ಬೋರ್ಡಿಗೆ ಸ್ಟ್ರೆಚ್ ಫಿಲ್ಮ್ ಒಂದು ಸುತ್ತು ಬೇಕು. ಇಲ್ಲವಾದರೆ ಸೆಕೆಗೆ ಆ ಕಪ್ಪು ರಬ್ಬರು ಬಿಳಿ ಬೋರ್ಡಿಗೆ ಕಲೆ ಹತ್ತಿಸುತ್ತದೆ. ಫಿನ್ನು (ಅಡಿಯ ರೆಕ್ಕೆ), ಲೀಶು (ಕಾಲಿಗೆ ಕಟ್ಟುವ ಹಗ್ಗ), ವ್ಯಾಕ್ಸು (ಕಾಲು ಜಾರದಂತೆ ಹಚ್ಚುವ ಮೇಣ) ತೆಗೆಯುವುದನ್ನು ಇಲ್ಲಿ ಹೇಳಬೇಕಾಗಿಲ್ಲ. ನೋಸಿನ ಕಡೆ ಎರಡೂ ಪೈಪುಗಳನ್ನು ನಾಲ್ಕು ಬೆರಳು ಮುಂದಕ್ಕೆ ಚಾಚಿ ಒಂದಕ್ಕೊಂದು ಬಿಗಿಯುತ್ತೇನೆ; ಆಗ ನೋಸಿನ ತುದಿ ಖಾಲಿ ಜಾಗದಲ್ಲಿ ಉಳಿದು, ಬಂದ ಪೆಟ್ಟನ್ನು ಹಿಂದಿನ ರೇಲುಗಳು ಹಂಚಿಕೊಳ್ಳುತ್ತವೆ. ಟೇಲಿಗೆ ಹಳೆಯ ಯೋಗ ಮ್ಯಾಟಿನಿಂದ ಒಂದು ತುಂಡು ಕತ್ತರಿಸಿ ಕೂರಿಸುತ್ತೇನೆ. ಅದನ್ನು ಯಾವ ಆಕಾರಕ್ಕೆ ಕತ್ತರಿಸುತ್ತೇನೆ, ಅದರ ಮೇಲೆ ಕಟ್ಟುವ ಗಂಟು ಯಾವುದು ಎಂಬುದನ್ನು ಬರೆಯಲಾರೆ. ಬೋರ್ಡು ತಂದವರಿಗೆ ತೋರಿಸುತ್ತೇನೆ. ಇಡೀ ಕಟ್ಟಿಗೆ ಆಗುವ ಖರ್ಚು ಏಳೆಂಟು ನೂರು ರೂಪಾಯಿ, ತೂಕ ಬೋರ್ಡು ಮತ್ತು ಬಟ್ಟೆ ಸೇರಿ 9–10 ಕಿಲೋ. ಒಬ್ಬ ಲೋಡರ್ ಒಂದೇ ಕೈಯಲ್ಲಿ ಎತ್ತಬಲ್ಲ ಚೀಲವನ್ನು ಆತ ಎಳೆಯುವುದಿಲ್ಲ.

ನಡುವೆ ಅಡಿಕೆ ಹಾಳೆಯನ್ನೂ ಪ್ರಯೋಗಿಸಿದೆ. ಹಾಳೆಯನ್ನು ನೀರಿನಲ್ಲಿ ನೆನೆಸಿ ನೋಸಿನ ಆಕಾರಕ್ಕೆ ಮಡಿಚಿ ಒಣಗಿಸಿದರೆ ಮುಟ್ಟಾಳೆಯಂತೆ (ಹಾಳೆಯ ಟೋಪಿಯಂತೆ) ಗಟ್ಟಿಯಾಗಿ ನಿಲ್ಲುತ್ತದೆ, ಬೆಲೆ ಸೊನ್ನೆ. ಚೆನ್ನೈ ಕಡೆಯ ಸ್ಪರ್ಧೆಗಳಿಗೆ ಹೋಗುವ ಹುಡುಗರು ಇಂದಿಗೂ ಅದನ್ನೇ ಬಳಸುತ್ತಾರೆ. ಹೊರದೇಶಕ್ಕೆ ಮಾತ್ರ ಅದು ತಲೆನೋವು. ಆಸ್ಟ್ರೇಲಿಯಾದಂತಹ ಕಡೆ ಸಸ್ಯಮೂಲದ ಯಾವ ವಸ್ತುವನ್ನೇ ಆಗಲಿ ಘೋಷಿಸಿ ತಪಾಸಣೆಗೆ ಒಡ್ಡಬೇಕಾಗುತ್ತದೆ. ತೆಂಗಿನ ನಾರಿನ ವಿಚಾರವನ್ನು ಕೈಬಿಟ್ಟದ್ದೂ ಅದಕ್ಕೇ.

ಮಂಗಳೂರಿನಿಂದ ಹೊರಡುವ ಸಣ್ಣ ವಿಮಾನಗಳಲ್ಲಿ ಬೋರ್ಡಿನ ಉದ್ದ ಕಂಡು ಬೇಡವೆನ್ನುವುದುಂಟು, ಆದ್ದರಿಂದ ಅನೇಕ ಬಾರಿ ಬೆಂಗಳೂರಿನವರೆಗೆ ರಾತ್ರಿ ಬಸ್ಸೇ ಗತಿ. ನನ್ನ ಅಭಿಪ್ರಾಯದಲ್ಲಿ ಶಿರಾಡಿ ಘಾಟಿಯ ತಿರುವುಗಳಲ್ಲಿ ಹೊರಳುವ ಬಸ್ಸಿನ ಡಿಕ್ಕಿ ವಿಮಾನದ ಹೊಟ್ಟೆಗಿಂತ ಕ್ರೂರ. ಎಂಜಿನ್ ಹಿಂದಿರುವ ಬಸ್ಸಿನಲ್ಲಿ ಹಿಂಬದಿಯ ಡಿಕ್ಕಿಗೆ ಹಾಕಿದರೆ ಬಿಸಿಗೆ ಬೋರ್ಡಿನ ಹೊರಗಿನ ಫೈಬರ್‌ಗ್ಲಾಸ್ ಪದರ ಒಳಗಿನ ಫೋಮಿನಿಂದ ಬಿಟ್ಟು ಉಬ್ಬುವ ಭಯವಿದೆ. ಮುಂದಿನ ಡಿಕ್ಕಿಗೇ ಹಾಕಿಸಲು ಕ್ಲೀನರಿಗೆ ನೂರು ರೂಪಾಯಿ ಕೊಡುತ್ತೇನೆ.

ಡಿಂಗ್ ಮುಚ್ಚುವ ರೆಸಿನ್ (ಅಂಟುದ್ರವ) ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನು ಚೀಲದಲ್ಲಿಡುವುದು ಬೇಡ. ಅವು ಬೆಂಕಿ ಹಿಡಿಯುವ ವಸ್ತುಗಳಾದ್ದರಿಂದ ವಿಮಾನಕ್ಕೆ ನಿಷಿದ್ಧ, ಎಕ್ಸ್‌ರೇಯಲ್ಲಿ ಕಂಡರೆ ಇಡೀ ಕಟ್ಟನ್ನೇ ಬಿಚ್ಚುತ್ತಾರೆ. ಫೈಬರ್‌ಗ್ಲಾಸ್ ಬಟ್ಟೆ, ಉಜ್ಜುಕಾಗದ ಮಾತ್ರ ಒಯ್ದು, ರೆಸಿನನ್ನು ಅಲ್ಲಿಯ ಫೈಬರ್ ದೋಣಿ ರಿಪೇರಿಯವರಲ್ಲಿ ಕೇಳಿದರೆ ಸಿಗುತ್ತದೆ. ಜಿಪ್ಪಿಗೆ ಬೀಗ ಹಾಕುವುದಿಲ್ಲ. ಬಿಚ್ಚಿದವರು ಮತ್ತೆ ಹಾಗೆಯೇ ಕಟ್ಟಲೆಂದು ಕಟ್ಟಿನ ಫೋಟೋ ಒಂದನ್ನು ಪ್ರಿಂಟ್ ತೆಗೆದು ಮೇಲೆಯೇ ಇಟ್ಟಿರುತ್ತೇನೆ. ‘ಫ್ರಜೈಲ್’ ಎಂಬ ಕೆಂಪು ಚೀಟಿಯಿಂದ ಏನಾದರೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ.

ಲಾಂಗ್‌ಬೋರ್ಡಿಗೆ ಈ ಕ್ರಮ ಇನ್ನೂ ಹೊಂದಿಲ್ಲ. ಅದರ ಉದ್ದ ಒಂಬತ್ತಡಿ, ಅಂದರೆ 274 ಸೆಂಟಿಮೀಟರ್. ಚಾಚಿದ ಪೈಪು ಮತ್ತು ಚೀಲ ಸೇರಿದರೆ ಹಲವು ವಿಮಾನ ಸಂಸ್ಥೆಗಳ ಉದ್ದದ ಮಿತಿಯನ್ನು ಮೀರುತ್ತದೆ. ಚಾಚಿನ ಬದಲು ನೋಸಿಗೆ ಅಡ್ಡಲಾಗಿ ಎರಡು ಪದರ ಪೈಪು ಕಟ್ಟಿ ಈಚೆಗೆ ಜಗಲಿಯಿಂದ ಕೆಡವಿ ನೋಡಿದೆ, ತುದಿ ಸ್ವಲ್ಪ ಸೀಳಿತು. ಸದ್ಯಕ್ಕೆ ಲಾಂಗ್‌ಬೋರ್ಡನ್ನು ಹೋದಲ್ಲಿಯೇ ಬಾಡಿಗೆಗೆ ಪಡೆಯುತ್ತಿದ್ದೇನೆ.