ಮಂದ ವರ್ಣಗಳಲ್ಲಿ ಮಗುವಿನ ಭಾವಚಿತ್ರ

ಮಗುವಿನ ಚಿತ್ರಕ್ಕೆ ಗಾಢವಾದ, ಹೊಳೆಯುವ ಬಣ್ಣಗಳೇ ಬೇಕೆಂದು ಅನೇಕರು ಭಾವಿಸುತ್ತಾರೆ. ಆದರೆ ಹಿನ್ನೆಲೆ, ಉಡುಪು, ನೆರಳುಗಳ ಬಣ್ಣವನ್ನು ತಗ್ಗಿಸಿದಷ್ಟೂ ಕೆನ್ನೆ, ಕಿವಿ ಮತ್ತು ತುಟಿಗಳಲ್ಲಿ ಉಳಿಸಿಕೊಂಡ ಚೂರು ಕೆಂಪು ಜೀವ ತಳೆಯುತ್ತದೆ. ಆದ್ದರಿಂದ ಕೆಂಪನ್ನು ಎಲ್ಲಿ ಉಳಿಸಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ.

ತೈಲವರ್ಣದಲ್ಲಿ ಇದಕ್ಕೆ ನಾಲ್ಕು ಬಣ್ಣಗಳು ಸಾಕು: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್ (ಉಜ್ವಲ ಕೆಂಪು) ಮತ್ತು ಐವರಿ ಬ್ಲ್ಯಾಕ್ (ಕಪ್ಪು). ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಅವರ ಹೆಸರಿನಿಂದ ಗುರುತಿಸಲಾಗುವ ಈ ಬಣ್ಣಗಳ ಗುಂಪಿನಲ್ಲಿ ನೀಲಿ ಇಲ್ಲ. ಕಪ್ಪಿಗೆ ಬಿಳಿ ಬೆರೆಸಿದಾಗ ಬರುವ ಬೂದು ಬಣ್ಣವೇ ಕೆಂಪು, ಹಳದಿಯಂಥ ಬೆಚ್ಚನೆಯ ಬಣ್ಣಗಳ ಪಕ್ಕದಲ್ಲಿ ನೀಲಿಯಂತೆ ಕಾಣುತ್ತದೆ. ಓಕರ್‌ಗೆ ಕಪ್ಪು ಸೇರಿಸಿದರೆ ದೊರೆಯುವ ಮಂದ ಹಸಿರು, ಮೈಬಣ್ಣದ ಕೆಂಪನ್ನು ತಗ್ಗಿಸಲು ತುಂಬ ಉಪಯುಕ್ತ.

ರೇಖಾಚಿತ್ರದಲ್ಲಿ ಅವಸರ ಬೇಡ, ಏಕೆಂದರೆ ಇಲ್ಲಿ ತಪ್ಪಿದರೆ ಮಗು ಪುಟ್ಟ ದೇಹದ ವಯಸ್ಕನಾಗಿಬಿಡುತ್ತದೆ. ವಯಸ್ಕರ ಕಣ್ಣುಗಳು ತಲೆಯ ಎತ್ತರದ ಸರಿಸುಮಾರು ಅರ್ಧದಲ್ಲಿದ್ದರೆ, ಪುಟ್ಟ ಮಕ್ಕಳಲ್ಲಿ ಅವು ಅದಕ್ಕಿಂತ ಕೆಳಗಿರುತ್ತವೆ. ಹಣೆ ವಿಶಾಲ, ಮೂಗಿನ ದಿಂಡು ತಗ್ಗು, ಗದ್ದ ಚಿಕ್ಕದು. ಮುಖದ ಅಳತೆಗೆ ಹೋಲಿಸಿದರೆ ಕಣ್ಣಿನ ಪಾಪೆ ದೊಡ್ಡದಾಗಿ ತೋರುವುದರಿಂದಲೇ ಆ ನೋಟಕ್ಕೆ ಅಷ್ಟು ಸೆಳೆತ.

ಕ್ಯಾನ್ವಾಸಿಗೆ ಮೊದಲು ತಿಳಿಯಾದ ಬೂದುಗಂದು ಬಣ್ಣವನ್ನು ತೆಳುವಾಗಿ ಬಳಿದು ಒಣಗಿಸಿ. ಬಿಳಿ ಕ್ಯಾನ್ವಾಸಿನ ಮೇಲೆ ಮಂದ ಬಣ್ಣಗಳೆಲ್ಲ ಕಪ್ಪಾಗಿ ಕಂಡು ಕಣ್ಣನ್ನು ದಾರಿತಪ್ಪಿಸುತ್ತವೆ. ಬೆಳಕು ಒಂದೇ ಕಿಟಕಿಯಿಂದ, ಪಕ್ಕದಿಂದ ಬರಲಿ. ನೆರಳು–ಬೆಳಕಿನ ದೊಡ್ಡ ಆಕಾರಗಳನ್ನು ಕಣ್ಣು ಕಿರಿದಾಗಿಸಿ ನೋಡಿ, ತಿಳಿ, ನಡು, ಗಾಢ ಎಂಬ ಮೂರೇ ಛಾಯೆಗಳಲ್ಲಿ ಹಾಕಿಕೊಳ್ಳಿ. ಬಣ್ಣ ಎಷ್ಟೇ ತಗ್ಗಿದ್ದರೂ ಛಾಯೆಗಳ ಅಂತರ ಸರಿಯಿದ್ದರೆ ಮುಖ ಸಪ್ಪೆಯಾಗುವುದಿಲ್ಲ. ಮಂದ ವರ್ಣದ ಚಿತ್ರಗಳು ಕೆಸರಿನಂತಾಗುವುದಕ್ಕೆ ಬಹುತೇಕ ಈ ಅಂತರವನ್ನು ಕಡೆಗಣಿಸಿದ್ದೇ ಕಾರಣವೆಂದು ನನಗೆ ಅನ್ನಿಸುತ್ತದೆ.

ನಂತರ ಮೈಬಣ್ಣ. ಮಗುವಿನ ಬಣ್ಣ ಕಪ್ಪಿರಲಿ, ಬಿಳುಪಿರಲಿ, ನೆರಳಿಗೆ ಬರೀ ಕಪ್ಪು ಸೇರಿಸಬೇಡಿ. ಓಕರ್‌ಗೆ ಕಪ್ಪು ಸೇರಿಸಿ ಮಾಡಿದ ಆ ಮಂದ ಹಸಿರನ್ನೂ ಕೆಂಪನ್ನೂ ಕೂಡಿಸಿ ಕಂದು ಮಾಡಿಕೊಳ್ಳಿ. ಬಿಳಿ ಹೆಚ್ಚಾದರೆ ಚರ್ಮ ಸುಣ್ಣ ಬಳಿದಂತಾಗುತ್ತದೆ. ಕೆನ್ನೆಯ ಅಂಚುಗಳನ್ನು ಒಣ ಕುಂಚದಿಂದ ಮೆದುವಾಗಿ ಬೆರೆಸಿ, ಆದರೆ ರೆಪ್ಪೆಯ ರೇಖೆಯನ್ನು ಸ್ಪಷ್ಟವಾಗಿಯೇ ಉಳಿಸಿ. ಕಣ್ಣಿನ ಬಿಳಿಭಾಗವನ್ನು ಬೂದುಬಣ್ಣದಲ್ಲೇ ಬಳಿಯಿರಿ. ಶುದ್ಧವಾದ ಬಿಳಿಗೆ ಹತ್ತಿರದ ಬಣ್ಣವನ್ನು ಪಾಪೆಯ ಮೇಲಿನ ಒಂದು ಚುಕ್ಕೆಗಾಗಿ ಕೊನೆಯವರೆಗೂ ಕಾದಿರಿಸಿ, ಕಿಟಕಿಯಿರುವ ಬದಿಗೆ ಒಮ್ಮೆ ಮಾತ್ರ ತಾಗಿಸಿ.